ದರದ ಬೋರ್ಡಿನ ಐದನೇ ಸಾಲು

ನನ್ನ ಗಂಡನ ಬಲಗೈಯಲ್ಲಿ ಮೂರು ಬೆರಳಿಲ್ಲ. ಈ ಮಾತನ್ನು ನಾನು ಐವತ್ತು ವರ್ಷ ಬಾಯಿಂದ ಆಚೆಗೆ ಬಿಟ್ಟಿರಲಿಲ್ಲ. ಬಿಟ್ಟಿದ್ದು ಶಿವಮೊಗ್ಗದ ಒಂದು ಮ್ಯೂಸಿಯಂ ಬಾಗಿಲಲ್ಲಿ, ಟಿಕೆಟ್ ಕೊಡುವ ಕಿಂಡಿಯ ಮುಂದೆ, ಗುರುತು ಪರಿಚಯ ಇಲ್ಲದ ಜನ ಸಾಲಾಗಿ ನಿಂತಿರುವಾಗ. ಇಪ್ಪತ್ತು ರೂಪಾಯಿ ಉಳಿಸಲಿಕ್ಕೆ ಬಿಟ್ಟೆ. ಸುತ್ತಿಬಳಸಿ ಹೇಳಿದರೂ ಅಷ್ಟೇ, ನೇರವಾಗಿ ಹೇಳಿದರೂ ಅಷ್ಟೇ.

ನಾವು ಭದ್ರಾವತಿಯ ಜನ್ನಾಪುರದವರು. ಅವರು ಒಂದು ಸಣ್ಣ ಫೌಂಡ್ರಿಯಲ್ಲಿ ಎರಕದ ಕೆಲಸದಲ್ಲಿದ್ದರು. ಮರಳು ತುಂಬಿದ ಎರಡು ಕಬ್ಬಿಣದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಕೂರಿಸಿ, ಒಳಗಿನ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ಯುವ ಕೆಲಸ. ಆ ಪೆಟ್ಟಿಗೆಗೆ ಅವರೆಲ್ಲ ಬಾಕ್ಸ್ ಅನ್ನುತ್ತಿದ್ದರು. ನಮ್ಮ ಮದುವೆಗೆ ಎರಡು ತಿಂಗಳಿರುವಾಗ ಮೇಲಿನ ಬಾಕ್ಸ್ ಸರಪಳಿಯಿಂದ ಜಾರಿ ಅವರ ಕೈಮೇಲೆ ಬಿತ್ತು. ಹೆಬ್ಬೆರಳು, ತೋರುಬೆರಳು ಉಳಿದವು. ಮಾಲೀಕರು ಆಸ್ಪತ್ರೆ ಖರ್ಚು ಕೊಟ್ಟರು, ಯಾವ ಕಾಗದದಲ್ಲೂ ಬರೆಸಲಿಲ್ಲ. ಇವರ ಮನೆಯವರೂ ಬರೆಸಿ ಅನ್ನಲಿಲ್ಲ. ಸುದ್ದಿ ಹೆಣ್ಣಿನ ಕಡೆಯವರ ಕಿವಿಗೆ ಬಿದ್ದರೆ ಸಂಬಂಧ ಮುರಿಯುತ್ತದೆ ಅಂತ ಅವರಿಗೆ ಭಯ. ಹೆಣ್ಣು ಅಂದರೆ ನಾನು.

ನನಗೆ ಗೊತ್ತಾಗಿದ್ದು ಧಾರೆ ಹೊತ್ತಿನಲ್ಲಿ. ನನ್ನ ಕೈಗಳ ಕೆಳಗೆ ಅವರ ಕೈ, ಮೇಲೆ ತೆಂಗಿನಕಾಯಿ, ಅದರ ಮೇಲೆ ಹಾಲು ಹೊಯ್ಯಲು ಸಾಲುಗಟ್ಟಿ ನಿಂತ ನೆಂಟರು. ಕೈಗಳನ್ನು ಒಂದು ಹಸಿರು ರವಿಕೆ ಕಣದಿಂದ ಮುಚ್ಚಿದ್ದರು. ಹಾಗೆ ಮುಚ್ಚುವುದು ಅವರ ಮನೆಯ ಪದ್ಧತಿ ಅಂದಿದ್ದರು. ಕಾಯಿ ಭಾರಕ್ಕೆ ನನ್ನ ಕೈ ಕೆಳಗಿಳಿದಾಗ ಅಲ್ಲಿ ಇರಬೇಕಾದ ಬೆರಳುಗಳು ಸಿಗಲಿಲ್ಲ. ನಾನು ತಲೆ ಎತ್ತಿ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಕಿರುಚಿದ್ದರೆ ಮದುವೆ ಅಲ್ಲೇ ನಿಲ್ಲುತ್ತಿತ್ತು. ನನ್ನ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದರು. ನಾನು ಕಾಯಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಹಾಲು ಹೊಯ್ದರು. ಅವತ್ತಿನಿಂದ ಆ ಕೈ ನನ್ನ ಗುಟ್ಟೂ ಆಯಿತು.

ಆಮೇಲೆ ಅವರ ಬಲಗೈ ಮೇಲೆ ಯಾವಾಗಲೂ ಒಂದು ಟವೆಲ್ಲು. ಬೇಸಿಗೆ ಮಳೆ ಅಂತ ಇಲ್ಲ. ಮನೆಯಲ್ಲಿ ಊಟಕ್ಕೆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಯಾರದಾದರೂ ಮದುವೆಗೆ ಹೋದರೆ ಮುಯ್ಯಿ ಕೊಟ್ಟು, ಪಂಕ್ತಿಯಲ್ಲಿ ಕೂರದೆ ಎದ್ದು ಬರುತ್ತಿದ್ದರು. ಕೇಳಿದವರಿಗೆ ನಾನು "ಅವರಿಗೆ ಗ್ಯಾಸ್ಟ್ರಿಕ್ಕು" ಅನ್ನುತ್ತಿದ್ದೆ. ಫೌಂಡ್ರಿಯವರಿಗೆ ಗೊತ್ತು, ನಮ್ಮ ಮಗಳಿಗೆ ಗೊತ್ತು, ಕೇರಿಗೂ ಗೊತ್ತಿದ್ದಿರಬೇಕು. ಆದರೆ ಗೊತ್ತಿರುವುದು ಬೇರೆ, ಬಾಯಲ್ಲಿ ಹೇಳುವುದು ಬೇರೆ. ಯಾರೂ ಹೇಳಲಿಲ್ಲ. ಎರಡು ಬೆರಳಲ್ಲೇ ಮರಳಿಗೆ ಕರಣೆ ಆಡಿಸಿ, ಬೇರೆಯವರ ಸಮಕ್ಕೆ ಕೆಲಸ ಮಾಡಿ, ವಯಸ್ಸಾದ ಮೇಲೆ ಬಿಟ್ಟರು.

ಎರಡು ವರ್ಷದ ಹಿಂದೆ ಅವರ ಕಣ್ಣು ಕೆಟ್ಟಿತು. ಪೊರೆ ಅಂದುಕೊಂಡಿದ್ದೆವು. ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಕಣ್ಣಿನ ಕ್ಲಿನಿಕ್ಕಿಗೆ ಹೋದರೆ, ಡಾಕ್ಟರಮ್ಮ ಪೊರೆ ಅಲ್ಲ, ಕಣ್ಣೊಳಗಿನ ಒತ್ತಡ ಅಂದರು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಪಕ್ಕದ್ದೇನೂ ಕಾಣದು, ಎದುರಿಗಿರುವುದು ಮಾತ್ರ ಕೊಳವೆಯೊಳಗಿಂದ ನೋಡಿದ ಹಾಗೆ.

"ಹೋಗಿರೋ ದೃಷ್ಟಿ ವಾಪಸ್ ಬರಲ್ಲ ಯಜಮಾನ್ರೆ. ಇರೋದನ್ನ ಎಷ್ಟು ದಿನ ಉಳಿಸ್ಕೊಳ್ಳೋಕೆ ಆಗುತ್ತೋ ನೋಡೋಣ. ಡ್ರಾಪ್ಸ್ ತಪ್ಪಿಸ್ಬೇಡಿ," ಅಂದರು ಡಾಕ್ಟರಮ್ಮ.

ಹೊರಗೆ ಬಂದು ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಅವರು ಅಂದರು, "ಇವತ್ತೇ ಆ ಗಂಟೆ ನೋಡ್ಕೊಂಡು ಹೋಗಿಬಿಡೋಣ."

ಆ ಗಂಟೆಯ ವಿಷಯ ಹೇಳಬೇಕು. ಅವರ ಜೊತೆ ಫೌಂಡ್ರಿಯಲ್ಲಿದ್ದ ಒಬ್ಬ ಗೆಳೆಯ ನಮ್ಮ ಪಕ್ಕದ ಬೀದಿಯಲ್ಲಿದ್ದಾನೆ. ಅವನು ಮೊಮ್ಮಗಳ ಜೊತೆ ಆ ಮ್ಯೂಸಿಯಂ ನೋಡಿ ಬಂದವನು, ಅಲ್ಲಿ ಹಳೇ ಕಾಲದ ಒಂದು ದೊಡ್ಡ ಕಂಚಿನ ಗಂಟೆ ಇದೆ, ಅದರಲ್ಲಿ ಗೆರೆಯೇ ಇಲ್ಲ ಅಂದ. ಎರಡು ಬಾಕ್ಸ್ ಕೂಡಿಸಿ ಎರಕ ಹೊಯ್ದರೆ, ಅವು ಕೂಡುವ ಜಾಗದಲ್ಲಿ ಸಾಮಾನಿನ ಮೇಲೆ ಒಂದು ಗೆರೆ ಉಳಿಯುತ್ತದಂತೆ. ಎಷ್ಟು ಉಜ್ಜಿದರೂ ತಿಳಿದವನ ಕಣ್ಣಿಗೆ ಅದು ಸಿಗುತ್ತದಂತೆ.

"ಗೆರೆ ಇಲ್ದೆ ಗಂಟೆ ಏನು ಆಕಾಶದಿಂದ ಉದುರ್ತೇನೋ?" ಅಂದಿದ್ದರು ಇವರು. "ಉಜ್ಜಿರ್ತಾರೆ. ನಿನಗೆ ಕಂಡಿಲ್ಲ."

"ನಾನೂ ಮೂವತ್ತು ವರ್ಷ ಮರಳು ತುಳಿದೋನೇ ಕಣೋ. ಇಲ್ಲ ಅಂದ್ರೆ ಇಲ್ಲ. ಹೋಗಿ ನೋಡು ಬೇಕಾದ್ರೆ."

ಈ ಜಗಳ ನಮ್ಮ ಜಗಲಿ ಮೇಲೆ ಒಂದು ವರ್ಷ ನಡೆದಿತ್ತು. ನನಗೆ ಅದು ಕೆಲಸವಿಲ್ಲದ ಮುದುಕರ ಮಾತು. ಅದಕ್ಕೇ ಅವತ್ತು ಕಾಫಿ ಲೋಟ ಇಟ್ಟು, "ಇನ್ನೊಂದು ದಿನ ಬಂದ್ರಾಯ್ತು ಬಿಡ್ರೀ," ಅಂದೆ.

"ಇನ್ನೊಂದು ದಿನ ನೀನು ಬರ್ತೀಯ ಮಾರಾಯ್ತಿ. ನನ್ನ ಕಣ್ಣು ಬರಲ್ಲ," ಅಂದರು.

ಆಟೋ ಹಿಡಿದೆವು.

ಮ್ಯೂಸಿಯಂ ಬಾಗಿಲಲ್ಲಿ ಗೋಡೆಗೆ ದರದ ಬೋರ್ಡು. ನಾನು ಶಾಲೆ ಕಂಡಿದ್ದು ಎರಡನೇ ಕ್ಲಾಸಿನವರೆಗೆ. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಹಲಗೆ ಓದಿ ಓದಿ ಅಕ್ಷರ ಕೂಡಿಸುವುದು ಕಲಿತವಳು. ನಿಂತು ಒಂದೊಂದೇ ಸಾಲು ಓದಿದೆ. ಮೊದಲನೇದು, ದೊಡ್ಡವರಿಗೆ ಇಪ್ಪತ್ತು. ಎರಡನೇದು, ಮಕ್ಕಳಿಗೆ ಹತ್ತು. ಮೂರನೇದು, ವಿದ್ಯಾರ್ಥಿಗಳಿಗೆ ಕಾಲೇಜಿನ ಚೀಟಿ ಇದ್ದರೆ ಹತ್ತು. ನಾಲ್ಕನೇದು, ಹಿರಿಯ ನಾಗರಿಕರಿಗೆ ವಯಸ್ಸಿನ ದಾಖಲೆ ಇದ್ದರೆ ಹತ್ತು. ಐದನೇ ಸಾಲಿನಲ್ಲಿ ಒಂದು ಉದ್ದದ ಪದ, ಅದರ ಮುಂದೆ ಉಚಿತ. ಕೆಳಗೆ ಹೊರದೇಶದವರಿಗೆ ನೂರು, ಕ್ಯಾಮೆರಾಕ್ಕೆ ಬೇರೆ.

ಕಿಂಡಿಯೊಳಗೆ ನಡುವಯಸ್ಸಿನ ಒಬ್ಬರು ಕೂತಿದ್ದರು. ನಾನು ಆಧಾರ್ ಕಾರ್ಡು ತೋರಿಸಿದೆ. ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ ಅಂತಾದ ಮೇಲೆ ಆ ಕಾರ್ಡು ನನ್ನ ಚೀಲ ಬಿಟ್ಟು ಹೋಗುವುದಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರು ನನಗೆ ಸೊನ್ನೆ ಚೀಟಿ ಹರಿದು ಇವರ ಹತ್ತಿರ ದುಡ್ಡು ತೆಗೆದುಕೊಂಡಾಗ, "ನೀನು ಸರ್ಕಾರದ ಮಗಳು, ನಾನು ಬರೀ ಅಳಿಯ," ಅಂತ ಇವರು ನಕ್ಕಿದ್ದರು.

"ನಿಮ್ದು ಹತ್ತು ರೂಪಾಯಿ ಅಜ್ಜಿ. ಅಜ್ಜಂದು ಕೊಡಿ," ಅಂದರು ಕಿಂಡಿಯವರು.

ನನ್ನ ಗಂಡನ ಕಾರ್ಡು ಮನೆಯಲ್ಲಿತ್ತು. ತಂದಿದ್ದು ಆಸ್ಪತ್ರೆ ಫೈಲು ಒಂದೇ.

"ಇವರು ನನಗಿಂತ ಎಂಟು ವರ್ಷ ದೊಡ್ಡೋರು. ನಾನು ಮುದುಕಿ ಅಂದ್ರೆ ಅವರು ಹುಡುಗ ಆಗ್ತಾರಾ? ತಲೆ ನೋಡಿ, ಒಂದು ಕರೀ ಕೂದ್ಲಿಲ್ಲ."

"ಕೂದ್ಲು ನೋಡಿ ಟಿಕೆಟ್ ಕೊಡೋ ಹಾಗಿದ್ರೆ ನನಗೇ ಅರ್ಧ ಟಿಕೆಟ್ ಆಗ್ಬೇಕು ಅಜ್ಜಿ," ಅಂತ ಅವರು ತಮ್ಮ ತಲೆ ಸವರಿಕೊಂಡರು. "ಕಾರ್ಡ್ ನಂಬರ್ ಬರೀಬೇಕು. ಇಲ್ಲ ಅಂದ್ರೆ ಇಪ್ಪತ್ತು."

ಹಿಂದಿದ್ದವರು ನಕ್ಕರು. ಇವರೂ ಸಣ್ಣಗೆ ನಕ್ಕು, "ಕೊಡೇ ಇಪ್ಪತ್ತು, ಸಾಕು," ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನನಗೆ ಸೋಲಲಿಕ್ಕೆ ಮನಸ್ಸಿರಲಿಲ್ಲ. ಬಿಟ್ಟಿ ಸಿಗುವುದನ್ನು ಬಿಟ್ಟು ಬರಬಾರದು ಅನ್ನುವುದು ಈಚೆಗೆ ನನಗೆ ಹತ್ತಿದ ಚಟ.

ನಮ್ಮ ಹಿಂದೆ ನವುಲೆಯ ಕೃಷಿ ಕಾಲೇಜಿನ ಹುಡುಗಿಯೊಬ್ಬಳು ಕೊರಳಿಗೆ ಚೀಟಿ ಹಾಕಿಕೊಂಡು ನಿಂತಿದ್ದಳು. "ಆ ಐದನೇ ಸಾಲಲ್ಲಿ ಏನು ಬರ್ದಿದಾರಮ್ಮ, ಉಚಿತ ಅಂತ ಇರೋದು?" ಅಂತ ಕೇಳಿದೆ.

"ವಿಕಲಚೇತನರು ಅಂತ ಅಜ್ಜಿ. ಕೈಯೋ ಕಾಲೋ ಊನ ಇರೋರಿಗೆ ಟಿಕೆಟ್ ಬೇಡ."

ನಾನು ತಿರುಗಿ ಕಿಂಡಿಯವರಿಗೆ ಹೇಳಿದೆ, "ಹಂಗಾದ್ರೆ ಇವರಿಗೆ ಟಿಕೆಟ್ಟೇ ಬೇಡ. ಇವರ ಬಲಗೈಲಿ ಮೂರು ಬೆರಳಿಲ್ಲ."

"ಏ," ಅಂದರು ನನ್ನ ಗಂಡ. ಅಷ್ಟೇ ಅಂದಿದ್ದು.

"ಅದಕ್ಕೂ ಸರ್ಟಿಫಿಕೇಟು ಬೇಕು ಅಜ್ಜಿ. ಸರ್ಕಾರದ ಕಾರ್ಡ್ ಕೊಟ್ಟಿರ್ತಾರಲ್ಲ," ಅಂದರು ಕಿಂಡಿಯವರು.

"ಸರ್ಟಿಫಿಕೇಟು ಯಾತಕ್ಕೆ? ಕೈ ಇಲ್ಲೇ ಇದ್ಯಲ್ಲ!"

ಹೇಳುತ್ತಲೇ ನಾನು ಟವೆಲ್ಲು ಎಳೆದೆ. ಎಳೆದು, ಮಣಿಕಟ್ಟು ಹಿಡಿದು ಆ ಕೈಯನ್ನು ಕಿಂಡಿಯ ಎದುರಿಗೆ ಎತ್ತಿ ಹಿಡಿದೆ. ತರಕಾರಿಯವಳಿಗೆ ಕೊಳೆತ ಬದನೆಕಾಯಿ ವಾಪಸ್ ತೋರಿಸುವ ಹಾಗೆ.

ಕಾಲೇಜಿನ ಹುಡುಗಿ ತಲೆ ಕೆಳಗೆ ಹಾಕಿದಳು. ಒಂದು ಮಗು, "ಅಮ್ಮಾ, ಆ ತಾತನ ಬೆರಳೆಲ್ಲಿ?" ಅಂತು, ಅದರ ತಾಯಿ ಬಾಯಿ ಮುಚ್ಚಿದಳು. ಕಿಂಡಿಯವರ ಮುಖ ಕೆಂಪಾಯಿತು. "ಹೋಗ್ಲಿ ಬಿಡಿ ಅಮ್ಮ. ಕೈ ಕೆಳಗಿಳಿಸಿ. ಅಜ್ಜ ಹಾಗೇ ಒಳಗೆ ಹೋಗ್ಲಿ," ಅಂದರು. ಅದುವರೆಗೆ ಅಜ್ಜಿ ಅನ್ನುತ್ತಿದ್ದವರು ಅಮ್ಮ ಅಂದಿದ್ದು ನನಗೆ ಆಗ ಹೊಳೆಯಲಿಲ್ಲ. ಗೆದ್ದೆ ಅಂತಲೇ ಅಂದುಕೊಂಡಿದ್ದೆ.

ಅವರು ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡರು. ಎಡಗೈಯಿಂದ ಜೇಬು ತಡಕಿ, ನೋಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಕಿಂಡಿಯೊಳಗೆ ಇಟ್ಟರು.

"ಒಂದು ಪೂರ್ತಿ ಟಿಕೆಟ್ ಕೊಡಿ."

"ಬೇಡ ಯಜಮಾನ್ರೆ, ನಿಮಗೆ ಫ್ರೀ ಆಗುತ್ತೆ."

"ದುಡ್ಡು ತಗೊಂಡು ಟಿಕೆಟ್ ಹರೀರಿ ಸ್ವಾಮಿ."

ಕಿಂಡಿಯವರು ಹರಿದರು. "ಅಮ್ಮಂಗೆ ಹತ್ತು ರೂಪಾಯಿದು?"

"ಅವಳಿಗೆ ಒಳಗೇನೂ ಕೆಲಸ ಇಲ್ಲ," ಅಂದರು ನನ್ನ ಗಂಡ.

ನಾನು ಟವೆಲ್ಲು ಚಾಚಿದೆ. ತೆಗೆದುಕೊಳ್ಳಲಿಲ್ಲ. ಬಲಗೈಯನ್ನು ಹಾಗೇ ಬರಿದಾಗಿ ಇಳಿಬಿಟ್ಟುಕೊಂಡು, ಎಡಗೈಯಲ್ಲಿ ಗೋಡೆ ಸವರುತ್ತಾ ಮೆಟ್ಟಿಲು ಹತ್ತಿದರು. ಎರಡನೇ ಮೆಟ್ಟಿಲಲ್ಲಿ ಎಡವಿದರು. ನಾನು ಮುಂದೆ ಹೋದೆ, ಬಾಗಿಲ ಕಾವಲುಗಾರ ಟಿಕೆಟ್ ಕೇಳಿದ. ನನ್ನ ಹತ್ತಿರ ಟಿಕೆಟ್ ಇರಲಿಲ್ಲ. ಕೊಳ್ಳಬಹುದಿತ್ತು. ಹತ್ತು ರೂಪಾಯಿ ಸೆರಗಿನ ಗಂಟಿನಲ್ಲೇ ಇತ್ತು. ಕೊಳ್ಳಲಿಲ್ಲ. ಬೇಡ ಅಂದವರ ಹಿಂದೆ ಹೋಗಿ ಏನು ಮಾಡಲಿ?

ಅಂಗಳದಲ್ಲಿ ಒಂದು ಸಿಮೆಂಟಿನ ಬೆಂಚಿತ್ತು. ಅಲ್ಲಿ ಕೂತೆ. ಕೂತರೆ ಎದುರಿಗೆ ಅದೇ ಬೋರ್ಡು. ಎಷ್ಟು ಸಲ ಓದಿದೆನೋ. ಮೊದಲು ಓದುವಾಗ ಬರೀ ದುಡ್ಡು ಕಂಡಿತ್ತು. ಕೂತು ಓದಿದಾಗ ಬೇರೆ ಕಂಡಿತು. ಕಡಿಮೆ ದರದ ಒಂದೊಂದು ಸಾಲೂ ನೀನು ಯಾರು ಅಂತ ಕೇಳುತ್ತದೆ. ನೀನು ಮುದುಕಿಯಾ, ತೋರಿಸು. ಓದುವವಳಾ, ತೋರಿಸು. ಊನ ಇದೆಯಾ, ತೋರಿಸು. ತೋರಿಸಿದಷ್ಟು ದುಡ್ಡು ಇಳಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಕೈಲಾಗದವರಿಗೆ ಅನುಕೂಲವಾಗಲಿ ಅಂತಲೇ ಬರೆಸಿದ್ದಾರೆ, ತೋರಿಸುವ ಮನಸ್ಸಿದ್ದವರು ತೋರಿಸಲಿ. ಮೊದಲನೇ ಸಾಲೊಂದು ಮಾತ್ರ ಯಾರನ್ನೂ ಏನೂ ಕೇಳುವುದಿಲ್ಲ. ದುಡ್ಡು ಕೊಡು, ಒಳಗೆ ಹೋಗು. ನನ್ನ ಗಂಡ ಇಡೀ ಆಯುಸ್ಸು ಆ ಸಾಲಿನಲ್ಲಿ ನಿಂತವರು. ಅಲ್ಲಿಂದ ಎಳೆದು ಐದನೇ ಸಾಲಿಗೆ ನಿಲ್ಲಿಸಿದವಳು ನಾನು, ಅದೂ ಅವರನ್ನು ಕೇಳದೆ.

ಅರ್ಧ ಗಂಟೆ ಕಳೆಯಿತು. ಒಳಗೆ ಎಲ್ಲಾದರೂ ಬಿದ್ದರೇನೋ ಅಂತ ಹೆದರಿಕೆ ಶುರುವಾಯಿತು. ಕಾವಲುಗಾರನ ಹತ್ತಿರ ಹೋಗಿ, "ಟವೆಲ್ ಇಲ್ದೆ ಇರೋರು ಒಬ್ರು ಒಳಗೆ ಹೋದ್ರಲ್ಲಪ್ಪ, ಕಣ್ಣು ಸರಿ ಇಲ್ಲ, ಸ್ವಲ್ಪ ನೋಡ್ತೀಯಾ?" ಅಂದೆ. ಟವೆಲ್ ಇಲ್ಲದವರು ಅಂದರೆ ಅವನಿಗೆ ಯಾರು ಅಂತ ಹೇಗೆ ತಿಳಿಯಬೇಕು! ಆದರೂ ಹೋಗಿ ಬಂದ.

"ಗಂಟೆ ಹತ್ರ ಇದಾರೆ ಅಮ್ಮ. ನೆಲದಲ್ಲಿ ಕೂತ್ಬಿಟ್ಟಿದಾರೆ. ಆ ಕಾಲೇಜ್ ಹುಡುಗಿ ಮೊಬೈಲ್ ಟಾರ್ಚ್ ಹಿಡಿದಿದಾಳೆ. ಮುಟ್ಬೇಡಿ ಅಂದೆ, ಮುಟ್ಟಲ್ಲಪ್ಪ ಅಂದ್ರು. ಒಂದೊಂದೇ ಗೇಣು ಸರೀತಾ ಸುತ್ತಲೂ ನೋಡ್ತಿದಾರೆ."

ಒಂದೂವರೆ ಗಂಟೆಯಾದ ಮೇಲೆ ಬಂದರು. ಹುಡುಗಿ ಎಡಗೈ ಹಿಡಿದು ಮೆಟ್ಟಿಲು ಇಳಿಸಿದಳು. ಅವಳ ಕಣ್ಣು ಅರಳಿತ್ತು. "ಅಜ್ಜಿ, ಅಜ್ಜ ನನಗೆ ಪಾಠಾನೇ ಮಾಡಿಬಿಟ್ರು. ಗೊತ್ತಾ, ಆ ಗಂಟೆಲಿ..." ಅಂತ ಶುರು ಮಾಡಿದಳು.

"ತಡ ಆಯ್ತು ಮಗಾ, ಬಸ್ಸಿದೆ ನಮಗೆ," ಅಂದರು ಅವರು. ಒರಟಾಗಿ ಅನ್ನಲಿಲ್ಲ. ಹುಡುಗಿ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ, ನಮಸ್ಕಾರ ಹೇಳಿ ಹೊರಟಳು.

ಬಸ್ಸಿನಲ್ಲಿ ನಾನು, "ತಪ್ಪಾಯ್ತು ಕಣ್ರೀ," ಅಂದೆ. ಮದುವೆಯಾದಾಗಿನಿಂದ ಆ ಮಾತು ನಾನು ಅವರಿಗೆ ಹೇಳಿದ್ದಿಲ್ಲ, ಅವರೂ ನನಗೆ ಹೇಳಿದ್ದಿಲ್ಲ.

"ಕಿಟಕಿ ಹಾಕು. ಗಾಳಿ ಕಣ್ಣಿಗೆ ಬಡಿಯುತ್ತೆ," ಅಂದರು.

ಅವತ್ತಿನಿಂದ ಅವರು ಟವೆಲ್ಲು ಹೊದೆಯಲಿಲ್ಲ. ಒಗೆದು ಮಡಿಸಿ ಕೈಗೆ ಸಿಗುವ ಹಾಗೆ ಇಟ್ಟೆ, ಮುಟ್ಟಲಿಲ್ಲ. ಕೈ ಮುಚ್ಚದೆಯೇ ಹಾಲು ತರಲಿಕ್ಕೆ ಹೋದರು, ಕ್ಷೌರಕ್ಕೆ ಹೋದರು. ಮಗಳು ಹಬ್ಬಕ್ಕೆ ಬಂದಾಗ ನೋಡಿ, "ಒಳ್ಳೇದೇ ಆಯ್ತು ಬಿಡಮ್ಮ. ಅಪ್ಪ ಎಷ್ಟು ವರ್ಷ ಅಂತ ಮುಚ್ಕೊಂಡು ಓಡಾಡ್ಬೇಕು? ಈಗ ಹಗುರ ಆಗಿರುತ್ತೆ," ಅಂದಳು. ನಾನು ಒಪ್ಪಲಿಲ್ಲ. ತಾನಾಗಿ ಇಳಿಸಿದ ಹೊರೆಯಾದರೆ ಹಗುರ ಅನ್ನಬಹುದು. ಕಿತ್ತುಕೊಂಡಿದ್ದಕ್ಕೆ ಆ ಮಾತು ಸಲ್ಲುವುದಿಲ್ಲ. ಮುಚ್ಚಿಡಲಿಕ್ಕೆ ಇನ್ನೇನೂ ಉಳಿದಿರಲಿಲ್ಲ, ಅದಕ್ಕೆ ಅವರು ಮುಚ್ಚಲಿಲ್ಲ. ಅವರು ನನ್ನ ಮೇಲೆ ಕೂಗಾಡಲೂ ಇಲ್ಲ. ಅಡಿಗೆ ಚೆನ್ನಾಗಿದ್ದರೆ ಚೆನ್ನಾಗಿದೆ ಅಂದರು, ಉಪ್ಪು ಹೆಚ್ಚಾದರೆ ಹೆಚ್ಚಾಯಿತು ಅಂದರು. ಆ ಗಂಟೆಯ ಮಾತು ಮಾತ್ರ ನನ್ನ ಎದುರಿಗೆ ಎತ್ತಲಿಲ್ಲ.

ಗೆಳೆಯನಿಗೆ ಹೇಳಿದರು. ಮಾರನೇ ದಿನವೇ ಅವನು ಓಡಿ ಬಂದ. ನಾನು ಒಳಗೆ ಕಾಫಿ ಕಾಸುತ್ತಿದ್ದೆ. ಜಗಲಿಯಿಂದ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ಗೆಳೆಯ "ಅಯ್ಯೋ ಇವನ!" ಅಂದ. ಇಬ್ಬರೂ ಜೋರಾಗಿ ನಕ್ಕರು. ಕಾಫಿ ತೆಗೆದುಕೊಂಡು ನಾನು ಬಾಗಿಲಿಗೆ ಬಂದೆ. ನನ್ನ ಗಂಡ ಮಾತು ನಿಲ್ಲಿಸಿದರು. ಗೆಳೆಯ ಲೋಟ ತೆಗೆದುಕೊಂಡು, "ಅಡಿಕೆ ರೇಟು ಇಳೀತಂತಲ್ಲ ತಾಯಿ," ಅಂದ. ನಮ್ಮಿಬ್ಬರ ಮನೆಗೂ ಒಂದು ಅಡಿಕೆ ಮರ ಇಲ್ಲ.

ಕಣ್ಣು ಏಳೆಂಟು ತಿಂಗಳು ತಡೆಯಿತು. ಡ್ರಾಪ್ಸ್ ನಾನೊಂದು ದಿನವೂ ತಪ್ಪಿಸಲಿಲ್ಲ. ಕೊಳವೆ ಸಣ್ಣದಾಗುತ್ತಾ ಸಣ್ಣದಾಗುತ್ತಾ ಬಂತು. ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಕೂತು, "ದೀಪ ಹಾಕಿದ್ಯೇನೇ?" ಅಂದರು. ಹೊರಗೆ ಬಿಸಿಲು ಬಂದಾಗಿತ್ತು. "ಹಾಕಿಲ್ಲ, ಬೆಳಗಾಗಿದೆ," ಅಂದೆ. ಸುಳ್ಳು ಹೇಳಿ ಏನು ಪ್ರಯೋಜನ? "ಹಂಗಾದ್ರೆ ಮುಗೀತು," ಅಂದರು. ಅತ್ತವರಲ್ಲ. ನಾನೂ ಅಳಲಿಲ್ಲ.

ಈಗ ದಿನಪೂರ್ತಿ ಮನೆಯಲ್ಲೇ ಇರುತ್ತಾರೆ. ಸ್ನಾನಕ್ಕೆ, ಊಟಕ್ಕೆ, ಜಗಲಿಗೆ ನಾನು ಕೈಹಿಡಿದು ಕರೆದುಕೊಂಡು ಹೋಗುತ್ತೇನೆ. ಕೂತಲ್ಲೇ ಆಗಾಗ ಅವರ ಹೆಬ್ಬೆರಳು ಗಾಳಿಯಲ್ಲಿ ಏನನ್ನೋ ಸವರುತ್ತದೆ, ದುಂಡಗೆ, ಮೇಲಿಂದ ಕೆಳಕ್ಕೆ. ಅದು ಗಂಟೆ ಅಂತ ನನಗೆ ಗೊತ್ತು. ಹೋದ ತಿಂಗಳು ಒಂದು ಮಧ್ಯಾಹ್ನ, ಊಟ ಮುಗಿಸಿ ಕೂತಿದ್ದಾಗ, ಇನ್ನು ಕೇಳದಿದ್ದರೆ ಆಗದು ಅನ್ನಿಸಿ ಕೇಳಿಯೇಬಿಟ್ಟೆ.

"ಆ ಗಂಟೆಲಿ ಗೆರೆ ಇತ್ತೇನ್ರೀ?"

ಹೆಬ್ಬೆರಳು ನಿಂತಿತು. ಆಮೇಲೆ, ದಾರಿ ಕೇಳಿದವರಿಗೆ ದಾರಿ ಹೇಳುವ ದನಿಯಲ್ಲಿ ಅಂದರು, "ಟಿಕೆಟ್ ತಗೊಂಡು ಒಳಗೆ ಹೋಗಿ ನೋಡ್ಕೊಂಡು ಬಾ."

ಇನ್ನೂ ಹೋಗಿಲ್ಲ. ದೂರವೇನಿಲ್ಲ. ಬಸ್ಸಿಗೆ ದುಡ್ಡಿಲ್ಲ. ಹೋದರೆ ಕಾರ್ಡು ತೋರಿಸದೆ ಇಪ್ಪತ್ತೇ ಕೊಡುತ್ತೇನೆ, ಅಷ್ಟು ತೀರ್ಮಾನ ಮಾಡಿದ್ದೇನೆ. ಆದರೆ ಗಂಟೆಯ ಮುಂದೆ ನಿಂತು ನಾನು ಏನು ನೋಡಲಿ? ಎರಕದ ಗೆರೆ ಯಾವುದು, ಬರೀ ಗೀರು ಯಾವುದು ಅಂತ ನನಗೆ ತಿಳಿಯುವುದಿಲ್ಲ. ಅದನ್ನು ತಿಳಿಯುವ ಕಣ್ಣು ನಮ್ಮ ಮನೆಯಲ್ಲಿ ಒಂದೇ ಇತ್ತು. ಅದು ನೋಡಿ ಬಂದಿದ್ದನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ನನಗಿತ್ತು. ಆ ಹಕ್ಕನ್ನು ನಾನು ಅವತ್ತೇ ಕಳೆದುಕೊಂಡೆ.